ಮನೋವಿಶ್ಲೇಷಣಶಾಸ್ತ್ರದಲ್ಲಿ ‘ನಾನು’ ಎಂಬ ಪದಾರ್ಥ

‘ನಾನು’ ಎಂಬ ಮಾತನ್ನು ಎರಡು ಮೂರು ವರ್ಷದ ಕೂಸೂ ಆಡಬಲ್ಲುದು. ಆ ಮಾತಿಗೆ ಅರ್ಥವನ್ನು ಹೇಳಬೇಕೆಂದರೆ ದರ್ಶನಗಳನ್ನು ಓದಿದವರೂ ತಡವರಿಸುವರು. ವ್ಯಾಕರಣವು ಅದನ್ನು ಉತ್ತಮಪುರುಷವೆಂದು ಕರೆದು ಸುಮ್ಮನಾಯಿತು. ಶ್ರೀ ಶಂಕರಾಚಾರ್ಯರು ಬ್ರಹ್ಮಸೂತ್ರಭಾಷ್ಯದ ಆರಂಭದಲ್ಲಿಯೇ ‘ನಾನು’ ಎಂಬ ಅರಿವಿಗೆ ಸೇರಿದ ವಿಷಯಿಯನ್ನೂ ‘ನೀನು’ ಎಂಬ ಅರಿವಿಗೆ ಸೇರಿದ ವಿಷಯವನ್ನೂ ಬೆಳಕು ಕತ್ತಲೆಗಳಂತೆ ಬೇರ್ಪಡಿಸಿ, ಇವೆರಡನ್ನೂ ಒಂದರಲ್ಲೊಂದು ಬೆರಸಿಕೊಂಡು ಲೋಕವು ವ್ಯವಹರಿಸುತ್ತಿರುವುದೇ ಅಧ್ಯಾಸವೆಂದು ತೋರಿಸಿಕೊಟ್ಟರು. ಈ ‘ವಿಷಯಿ’ ಎಂಬುದಕ್ಕೆ ಸಮನಾಗಿ ಪಾಶ್ಚಾತ್ಯರು ಬಳಸುವ ಶಬ್ದವು ‘ಸಬ್ಜೆಕ್ಟ್’ ಎಂಬುದು. ಅದರ ಲ್ಯಾಟಿನ್ ಮೂಲಕ್ಕೆ ‘ಕೆಳಗೆ ಇಡಲ್ಪಟ್ಟದ್ದು’ ಎಂದರ್ಥ. ವಾಕ್ಯದ ಕರ್ತೃಪದವೆಂದೂ, ಅರಿಯುವವನೆಂದೂ, ಅರಸನಿಗೆ ಅಧೀನನಾದ ಪ್ರಜೆಯೆಂದೂ ಆ ಒಂದೇ ಶಬ್ದಕ್ಕೆ ಅರ್ಥಗಳುಂಟು. ಪಾಣಿನಿಯ ಮತದಂತೆ ಕರ್ತೃವೆಂದರೆ ಸ್ವತಂತ್ರನಾದವನು. ಪಾಶ್ಚಾತ್ಯರ ಶಬ್ದದಲ್ಲಿಯಾದರೋ ಸ್ವತಂತ್ರನಾದ ಕರ್ತೃವೂ ಪರಾಧೀನನಾದ ಪ್ರಜೆಯೂ ಒಂದೇ ಮನೆಯಲ್ಲಿ ವಾಸವಾಗಿರುವರು. ಮನುಷ್ಯನು ತನ್ನ ಮನಸ್ಸಿಗೆ ಒಡೆಯನೋ, ಅಥವಾ ಅದರ ಒಕ್ಕಲೋ? ಈ ಪ್ರಶ್ನೆಯನ್ನು ಮನೋವಿಶ್ಲೇಷಣಶಾಸ್ತ್ರವು ಹೇಗೆ ಎತ್ತಿತು, ಏನು ಉತ್ತರ ಹೇಳಿತು ಎಂಬುದರ ಚರಿತ್ರೆಯನ್ನು ಸಂಗ್ರಹವಾಗಿ ನಿರೂಪಿಸುವುದು ಈ ಲೇಖನದ ಉದ್ದೇಶ.

ಮೊದಲು ಪೂರ್ವಪಕ್ಷವನ್ನು ಹೇಳಬೇಕು. ಫ್ರಾನ್ಸ್ ದೇಶದ ದೆಕಾರ್ತನೆಂಬ ಪಂಡಿತನು ೧೬೩೭ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸಂಶಯಪಡಲು ಸಾಧ್ಯವಾದುದೆಲ್ಲವನ್ನೂ ಸಂಶಯಿಸಿ, ಕಡೆಗೆ ಸಂಶಯಪಡುತ್ತಿರುವ ತಾನೊಬ್ಬನು ಇರುವನೆಂಬುದನ್ನು ಮಾತ್ರ ಸಂಶಯಿಸಲಾಗದೆಂದು ನಿರ್ಣಯಿಸಿದನು. ಆಲೋಚನೆ ಇರುವಲ್ಲಿ ಆಲೋಚಿಸುವ ‘ನಾನು’ ಇರುವುದು. ಆ ‘ನಾನು’ ತನಗೆ ತಾನು ಸ್ಪಷ್ಟವಾಗಿ ತೋರುವುದು. ಯುರೋಪಿನ ನ್ಯಾಯಶಾಸ್ತ್ರ, ನೀತಿಶಾಸ್ತ್ರ, ರಾಜ್ಯಶಾಸ್ತ್ರಗಳು ಬಹುಮಟ್ಟಿಗೆ ಇಂತಹ ‘ನಾನು’ವಿನ ಮೇಲೆಯೇ ನಿಂತವು. ಮಾಡಿದವನಿಗೆ ತಾನು ಮಾಡಿದ್ದು ತಿಳಿದಿರುತ್ತದೆ, ಏತಕ್ಕೆ ಮಾಡಿದನೆಂಬುದೂ ತಿಳಿದಿರುತ್ತದೆ ಎಂದು ಒಪ್ಪಿಕೊಂಡರಲ್ಲವೇ ಅವನನ್ನು ಪ್ರಶಂಸಿಸುವುದಕ್ಕೂ ದಂಡಿಸುವುದಕ್ಕೂ ಅವಕಾಶ?

ಈ ಪೂರ್ವಪಕ್ಷಕ್ಕೆ ಪೆಟ್ಟು ಬಿದ್ದುದು ತರ್ಕಸಭೆಯಲ್ಲಲ್ಲ, ಆಸ್ಪತ್ರೆಯಲ್ಲಿ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಪ್ಯಾರಿಸ್ ನಗರದ ಸಾಲ್‌ಪೆತ್ರಿಯೇರ್ ಆಸ್ಪತ್ರೆಯಲ್ಲಿ ಶಾರ್ಕೊ ಎಂಬ ವೈದ್ಯನು ಹಿಸ್ಟೀರಿಯಾ ರೋಗಿಗಳನ್ನು ಪರೀಕ್ಷಿಸುತ್ತಿದ್ದನು. ಕೈಕಾಲು ಬಿದ್ದುಹೋಗಿರುವುದು, ಮಾತು ನಿಂತುಹೋಗಿರುವುದು, ದೇಹದಲ್ಲಿ ನೋಡಿದರೆ ಕಾರಣವೇ ಇಲ್ಲದಿರುವುದು, ಇದು ಆ ರೋಗದ ವಿಚಿತ್ರ. ಶಾರ್ಕೊ ರೋಗಿಯನ್ನು ಸಭೆಯ ಮುಂದೆ ನಿಲ್ಲಿಸಿ, ಸಮ್ಮೋಹನದಿಂದ ರೋಗಲಕ್ಷಣವನ್ನು ಬರಿಸಿ ಹೋಗಲಾಡಿಸಿ ತೋರಿಸುವನು. ನೋಡುವವರು ವೈದ್ಯರು, ನೋಡಲ್ಪಡುವವಳು ರೋಗಿ. ಅವಳು ಏನು ಹೇಳುತ್ತಾಳೆಂಬುದು ಅಲ್ಲಿ ಮುಖ್ಯವಲ್ಲ. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ ಅವಳು ಕೇವಲ ವಿಷಯ. ೧೮೮೫ರ ಶರತ್ಕಾಲದಲ್ಲಿ ಆ ಸಭೆಗೆ ವಿಯೆನ್ನಾದಿಂದ ಬಂದು ಕುಳಿತ ತರುಣ ವೈದ್ಯನೇ ಸಿಗ್ಮಂಡ್ ಫ್ರಾಯ್ಡ್. ಇವನು ೧೮೫೬ರ ಮೇ ೬ರಂದು ಮೊರಾವಿಯಾ ಪ್ರಾಂತದ ಫ್ರೈಬರ್ಗ್ ಎಂಬ ಊರಿನಲ್ಲಿ ಯೆಹೂದ್ಯ ವರ್ತಕನ ಮಗನಾಗಿ ಹುಟ್ಟಿ, ೧೮೮೧ರಲ್ಲಿ ವೈದ್ಯಪದವಿಯನ್ನು ಪಡೆದಿದ್ದವನು.

ಅದಕ್ಕೂ ಮೊದಲೇ ವಿಯೆನ್ನಾದಲ್ಲಿ ಮತ್ತೊಂದು ಸಂಗತಿ ನಡೆದಿದ್ದಿತು. ಬ್ರಾಯರ್ ಎಂಬ ಹಿರಿಯ ವೈದ್ಯನು ೧೮೮೦ರಿಂದ ೧೮೮೨ರ ವರೆಗೆ ಒಬ್ಬ ತರುಣಿಗೆ ಚಿಕಿತ್ಸೆ ಮಾಡುತ್ತಿದ್ದನು. ಆಕೆ ತಂದೆಯ ರೋಗಶಯ್ಯೆಯ ಬಳಿ ಶುಶ್ರೂಷೆಗೆ ನಿಂತು ತಾನೇ ರೋಗಿಯಾದವಳು. ಒಂದೊಂದು ಲಕ್ಷಣವು ಮೊದಲು ಎಂದು, ಹೇಗೆ ಬಂದಿತೆಂಬುದನ್ನು ಆಕೆ ನೆನೆದು ಬಾಯಿಬಿಟ್ಟು ಹೇಳಿದರೆ ಆ ಲಕ್ಷಣವು ಶಮನವಾಗುವುದೆಂದು ಬ್ರಾಯರನು ಕಂಡನು. ಇದಕ್ಕೆ ‘ಮಾತಿನ ಚಿಕಿತ್ಸೆ’ ಎಂದು ಹೆಸರಿಟ್ಟವಳು ವೈದ್ಯನಲ್ಲ, ಆ ರೋಗಿಯೇ. ೧೮೯೫ರಲ್ಲಿ ಬ್ರಾಯರನೂ ಫ್ರಾಯ್ಡನೂ ಸೇರಿ ಪ್ರಕಟಿಸಿದ ಹಿಸ್ಟೀರಿಯಾ ಗ್ರಂಥದಲ್ಲಿ ಆಕೆಗೆ ‘ಆನಾ ಓ’ ಎಂಬ ಮರೆಹೆಸರು ಕೊಡಲ್ಪಟ್ಟಿತು. ಗ್ರಂಥದಲ್ಲಿ ಹೇಳಿದಷ್ಟು ಸಂಪೂರ್ಣವಾಗಿ ಆಕೆ ಗುಣಹೊಂದಲಿಲ್ಲವೆಂದೂ, ೧೮೮೨ರಲ್ಲಿ ಸ್ವಿಟ್ಸರ್ಲೆಂಡಿನ ಚಿಕಿತ್ಸಾಲಯವೊಂದಕ್ಕೆ ಸೇರಬೇಕಾಯಿತೆಂದೂ ಆಮೇಲಿನ ಚರಿತ್ರಕಾರರು ದಾಖಲೆಗಳಿಂದ ತಿಳಿಸಿರುವರು. ಬೆರ್ತಾ ಪಾಪನ್‌ಹೈಮ್ ಎಂಬ ತನ್ನ ನಿಜನಾಮದಿಂದ ಆಕೆ ಮುಂದೆ ಜರ್ಮನಿಯಲ್ಲಿ ಅನಾಥೆಯರ ಸಂರಕ್ಷಣೆಗೆ ದುಡಿದು, ೧೯೦೪ರಲ್ಲಿ ಯೆಹೂದ್ಯ ಮಹಿಳೆಯರ ಸಂಘವನ್ನು ಸ್ಥಾಪಿಸಿ ಕೀರ್ತಿವಂತೆಯಾದಳು. ೧೮೮೯ರಲ್ಲಿ ಮತ್ತೊಬ್ಬ ರೋಗಿಯು, ಪ್ರಶ್ನೆಗಳನ್ನು ಮೇಲಿಂದ ಮೇಲೆ ಕೇಳದೆ ತನಗೆ ಹೇಳಬೇಕಾದುದನ್ನು ಹೇಳಲು ಬಿಡಬೇಕೆಂದು ಫ್ರಾಯ್ಡನನ್ನೇ ಗದರಿಸಿದಳು, ಅವನು ಬಿಟ್ಟನು. ಹೀಗೆ ವಿಷಯವಾಗಿದ್ದವಳು ಬಾಯಿತೆರೆದು ವಿಷಯಿಯಾದಳು. ಮನೋವಿಶ್ಲೇಷಣದ ಹುಟ್ಟು ಇಲ್ಲಿಯೇ ಎಂದರೆ ತಪ್ಪಾಗಲಾರದು.

ಆದರೆ ರೋಗಿಯ ಮಾತನ್ನು ಕೇಳತೊಡಗಿದಾಗ ಆಶ್ಚರ್ಯವೊಂದು ಹೊರಬಿದ್ದಿತು. ಮಾತನಾಡುವವರಿಗೆ ತಮ್ಮ ಮಾತಿನ ಅರ್ಥವು ಪೂರ್ತಿಯಾಗಿ ತಿಳಿದಿರಲಿಲ್ಲ. ಮನಸ್ಸಿಗೆ ಸಹಿಸಲಾಗದ ಬಯಕೆಯೊಂದು ಅರಿವಿನ ಹೊಸಲಿನಿಂದ ಹೊರಕ್ಕೆ ತಳ್ಳಲ್ಪಟ್ಟು, ನಾಶವಾಗದೆ, ವೇಷವನ್ನು ಬದಲಿಸಿಕೊಂಡು ಹಿಂದಿರುಗಿ ಬರುವುದೆಂದು ಫ್ರಾಯ್ಡನು ಊಹಿಸಿದನು. ಈ ತಳ್ಳುವಿಕೆಗೆ ಕನ್ನಡದಲ್ಲಿ ‘ದಮನ’ವೆಂದು ಹೇಳುವ ರೂಢಿಯುಂಟು. ಇದನ್ನು ಇಂದ್ರಿಯನಿಗ್ರಹವೆಂದು ಭಾವಿಸಬಾರದು. ನಿಗ್ರಹವು ತಿಳಿದು ಮಾಡುವ ಕಾರ್ಯ. ಈ ದಮನವಾದರೋ ಮಾಡುವವನಿಗೇ ತಿಳಿಯದೆ ನಡೆದುಹೋಗುವಂಥದು. ಸಂಯಮವೇ ರೋಗಕ್ಕೆ ಕಾರಣವೆಂದು ಫ್ರಾಯ್ಡನು ಬೋಧಿಸಿದನೆಂದು ಕೆಲವರು ಆಡುವ ಮಾತು ಈ ಎರಡನ್ನೂ ಬೆರಸಿದುದರಿಂದ ಬಂದ ಭ್ರಾಂತಿ.

೧೮೯೫ರ ಜುಲೈ ೨೪ರ ಮುಂಜಾನೆ ತಾನು ಕಂಡ ಸ್ವಪ್ನವೊಂದನ್ನು ಫ್ರಾಯ್ಡನು ತುಂಡುತುಂಡಾಗಿ ಬಿಡಿಸಿ ನೋಡಿದನು. ತನ್ನ ರೋಗಿಯೊಬ್ಬಳು ಗುಣಹೊಂದದಿದ್ದುದಕ್ಕೆ ತಾನು ಹೊಣೆಯಲ್ಲ, ಬೇರೆಯವರು ಹೊಣೆ ಎಂಬ ಬಯಕೆಯೇ ಆ ಸ್ವಪ್ನದಲ್ಲಿ ವೇಷ ಹಾಕಿಕೊಂಡು ಬಂದಿತೆಂದು ಕಂಡುಕೊಂಡನು. ಇಲ್ಲಿ ವೈದ್ಯನೇ ರೋಗಿಯ ಸ್ಥಾನದಲ್ಲಿ ಕುಳಿತುದು ಗಮನಾರ್ಹ. ‘ಸ್ವಪ್ನಗಳ ಅರ್ಥವಿವರಣೆ’ ಎಂಬ ಅವನ ಗ್ರಂಥವು ೧೮೯೯ರ ನವೆಂಬರಿನಲ್ಲಿ, ಮುಖಪುಟದಲ್ಲಿ ೧೯೦೦ ಎಂಬ ವರ್ಷವನ್ನು ಹೊತ್ತು ಹೊರಬಂದಿತು. ಅಚ್ಚಾದ ೬೦೦ ಪ್ರತಿಗಳು ಮಾರಾಟವಾಗಲು ಎಂಟು ವರ್ಷ ಹಿಡಿಯಿತು. ೧೯೦೧ರಲ್ಲಿ ನಿತ್ಯಜೀವನದ ಮರೆವು, ಬಾಯ್ತಪ್ಪು, ಕೈತಪ್ಪುಗಳನ್ನು ಕುರಿತು ಬರೆದನು. ಆಸ್ಟ್ರಿಯಾದ ಪ್ರತಿನಿಧಿಸಭೆಯ ಅಧ್ಯಕ್ಷನೊಬ್ಬನು, ಅಧಿವೇಶನವು ಆರಂಭವಾಯಿತೆಂದು ಸಾರುವ ಬದಲು ಮುಕ್ತಾಯವಾಯಿತೆಂದು ಸಾರಿಬಿಟ್ಟ ಪ್ರಸಂಗವನ್ನು ಅವನು ಅಲ್ಲಿ ಉದಾಹರಿಸಿರುವನು. ಸಭೆಯಿಂದ ಒಳ್ಳೆಯದೇನೂ ಆಗದೆಂದು ತಿಳಿದಿದ್ದವನು ಅದು ಬೇಗ ಮುಗಿದರೆ ಸಾಕೆಂದು ಬಯಸಿದ್ದನು. ಅಧ್ಯಕ್ಷನು ಹೇಳಬೇಕೆಂದುದು ಒಂದು, ಬಾಯಿ ಹೇಳಿದುದು ಮತ್ತೊಂದು. ಹಾಗಾದರೆ ಆ ವಾಕ್ಯಕ್ಕೆ ಕರ್ತೃ ಯಾರು? ಸ್ವತಂತ್ರನಾದವನೇ ಕರ್ತೃವೆಂಬ ಲಕ್ಷಣಕ್ಕೆ ಇಲ್ಲಿ ಅವ್ಯಾಪ್ತಿದೋಷ ಬಂದಂತಾಯಿತು.

ಈ ಮರೆಯ ಮನಸ್ಸನ್ನು ಕನ್ನಡದಲ್ಲಿ ‘ಸುಪ್ತಚಿತ್ತ’ವೆಂದು ಹೇಳುವುದುಂಟು. ನಮ್ಮ ವಿವೇಕದೃಷ್ಟಿಗೆ ಅದು ಅಷ್ಟು ಯುಕ್ತವಲ್ಲ. ಏಕೆಂದರೆ ಫ್ರಾಯ್ಡನು ಹೇಳುವ ಆ ಮನಸ್ಸು ನಿದ್ರಿಸುತ್ತಿರುವುದಲ್ಲ, ಅದು ಹಗಲಿರುಳು ಎಚ್ಚತ್ತು ಕೆಲಸಮಾಡುತ್ತಿರುವುದು. ನಿದ್ರಿಸುತ್ತಿರುವುದು ಅದನ್ನು ಕುರಿತ ನಮ್ಮ ಅರಿವು. ‘ಅಜ್ಞಾತಚಿತ್ತ’ವೆಂಬುದೇ ಮೇಲು. ೧೯೧೭ರ ಲೇಖನವೊಂದರಲ್ಲಿ ಅವನು, ಮನುಷ್ಯನ ಅಹಂಭಾವಕ್ಕೆ ವಿಜ್ಞಾನದಿಂದ ಮೂರು ಪೆಟ್ಟುಗಳು ಬಿದ್ದಿವೆಯೆಂದು ಗಣನೆಮಾಡಿದನು. ಭೂಮಿಯು ವಿಶ್ವದ ಕೇಂದ್ರವಲ್ಲವೆಂದುದು ಕೊಪರ್ನಿಕಸನ ಪೆಟ್ಟು. ಮನುಷ್ಯನು ಪ್ರಾಣಿಕುಲದಿಂದ ಹೊರತಾದವನಲ್ಲವೆಂದುದು ಡಾರ್ವಿನನ ಪೆಟ್ಟು. ‘ನಾನು’ ಎಂಬುದು ತನ್ನ ಮನೆಗೇ ಯಜಮಾನನಲ್ಲವೆಂಬುದು ಮನೋವಿಶ್ಲೇಷಣದ ಪೆಟ್ಟು.

೧೯೨೩ರಲ್ಲಿ ಈ ಮನೆಯ ಹಂಚಿಕೆಯನ್ನು ಅವನು ಹೊಸದಾಗಿ ಬರೆದನು. ಇಲ್ಲಿ ಶಬ್ದಗಳನ್ನು ಕುರಿತು ಒಂದು ಮಾತನ್ನು ಹೇಳಲೇಬೇಕು. ಇಂಗ್ಲಿಷ್ ಪುಸ್ತಕಗಳ ಮೂಲಕ ನಮಗೆ ಬಂದಿರುವ ‘ಈಗೋ’, ‘ಇಡ್’, ‘ಸೂಪರ್ ಈಗೋ’ ಎಂಬ ಶಬ್ದಗಳು ಫ್ರಾಯ್ಡನವಲ್ಲ. ಭಾಷಾಂತರಕಾರರು ಲ್ಯಾಟಿನ್ನಿನಿಂದ ತಂದವು. ಫ್ರಾಯ್ಡನು ಬರೆದುದು ಜರ್ಮನ್ ಮಕ್ಕಳೂ ಆಡುವ ‘ಇಖ್’, ‘ಎಸ್’, ‘ಊಬರ್ ಇಖ್’ ಎಂಬ ಮಾತುಗಳನ್ನು. ಎಂದರೆ ‘ನಾನು’, ‘ಅದು’, ‘ಮೇಲಿನ ನಾನು’. ‘ಅದು’ ಎಂಬ ಹೆಸರನ್ನು ಅವನು ಗ್ರೊಡೆಕ್ ಎಂಬ ವೈದ್ಯನಿಂದ ಪಡೆದನು. ಕನ್ನಡಿಗರಿಗೆ ಇದನ್ನು ತಿಳಿಯುವುದು ಕಷ್ಟವಲ್ಲ. ‘ಮುನಿದೆ’ ಎನ್ನುವೆಡೆಯಲ್ಲಿ ನಾವು ‘ನನಗೆ ಸಿಟ್ಟು ಬಂತು’ ಎನ್ನುವೆವು. ವಾಕ್ಯದ ಕರ್ತೃ ‘ಸಿಟ್ಟು’, ನಾನಲ್ಲ. ಸಿಟ್ಟು ಬರುವುದು, ನಿದ್ರೆ ಹತ್ತುವುದು, ಆಸೆಯಾಗುವುದು, ನೆನಪಾಗುವುದು, ಎಲ್ಲಿಂದಲೋ ‘ಅದು’ ಬರುವುದು, ‘ನನಗೆ’ ಆಗುವುದು. ಉತ್ತಮಪುರುಷನ ಅಂಗಳದಲ್ಲಿ ಪ್ರಥಮಪುರುಷನು ಓಡಾಡುತ್ತಿರುವನು. ‘ಮೇಲಿನ ನಾನು’ ಎಂಬುದು ತಾಯಿತಂದೆಗಳ ಗದರಿಕೆಯು ಒಳಗೆ ಬಂದು ನೆಲಸಿದುದು. ಈ ಇಬ್ಬರಿಗೂ, ಹೊರಗಿನ ಲೋಕಕ್ಕೂ ಸಮಾಧಾನ ಹೇಳುತ್ತ ಬದುಕುವುದು ಬಡಪಾಯಿಯಾದ ‘ನಾನು’. ಕಠೋಪನಿಷತ್ತಿನ ರಥರೂಪಕದಲ್ಲಿ ಬುದ್ಧಿಯು ಸಾರಥಿ, ಇಂದ್ರಿಯಗಳು ಕುದುರೆಗಳು. ಫ್ರಾಯ್ಡನೂ ಕುದುರೆ ಸವಾರರ ಉಪಮೆಯನ್ನೇ ಕೊಡುವನು, ಆದರೆ ಅವನ ಸವಾರನು ಎಷ್ಟೋ ಸಲ ಕುದುರೆ ಹೋದಲ್ಲಿಗೆ ತಾನೂ ಹೋಗಿ, ತಾನೇ ಹೊರಟೆನೆಂದು ಹೇಳಿಕೊಳ್ಳುವವನು.

ಇಲ್ಲಿ ಒಂದು ಆಕ್ಷೇಪವು ಏಳುವುದು. ‘ನಾನು’ ಯಜಮಾನನಲ್ಲವಾದರೆ ಪಾಪಪುಣ್ಯಗಳಿಗೆ ಹೊಣೆಯಾರು? ಎಲ್ಲವನ್ನೂ ಅಜ್ಞಾತಚಿತ್ತದ ತಲೆಯ ಮೇಲೆ ಹೊರಿಸಿ ಮನುಷ್ಯನು ಕೈತೊಳೆದುಕೊಳ್ಳಬಹುದಲ್ಲವೇ? ಇದಕ್ಕೆ ಫ್ರಾಯ್ಡನೇ ೧೯೨೫ರಲ್ಲಿ ಸಮಾಧಾನ ಹೇಳಿರುವನು. ಸ್ವಪ್ನದಲ್ಲಿ ಕಂಡ ದುಷ್ಟ ಬಯಕೆಗೂ ಸ್ವಪ್ನ ಕಂಡವನೇ ಹೊಣೆ. ಪರಲೋಕದ ಭೂತವೊಂದು ಬಂದು ಅದನ್ನು ಒಳಗೆ ಹಾಕಲಿಲ್ಲವಾದ ಮೇಲೆ ಅದು ತನ್ನದಲ್ಲದೆ ಇನ್ನಾರದು? ತನ್ನಲ್ಲಿರುವ ಒಳ್ಳೆಯದು ಮಾತ್ರ ತಾನು, ಕೆಟ್ಟದ್ದು ತಾನಲ್ಲ ಎಂಬ ವಿಭಾಗವು ಅನುಭವದ ಮುಂದೆ ನಿಲ್ಲದು ಎಂಬುದು ಅವನ ವಾದದ ಸಾರ. ಆದುದರಿಂದ ಈ ಶಾಸ್ತ್ರವು ಹೊಣೆಯನ್ನು ಕಡಮೆಮಾಡಲಿಲ್ಲ, ಹೆಚ್ಚಿಸಿತು. ತಿಳಿಯದೆ ಬಯಸಿದುದಕ್ಕೂ ಉತ್ತರ ಹೇಳಬೇಕಾದವನನ್ನಾಗಿ ಮನುಷ್ಯನನ್ನು ಮಾಡಿತು. ‘ಅದು’ ಇದ್ದ ಎಡೆಗೆ ‘ನಾನು’ ಬಂದು ನಿಲ್ಲಬೇಕೆಂಬುದೇ ಚಿಕಿತ್ಸೆಯ ಗುರಿಯೆಂದು ಅವನು ೧೯೩೩ರಲ್ಲಿ ಹೇಳಿ, ಆ ಕಾರ್ಯವನ್ನು ಹಾಲೆಂಡಿನವರು ಕಡಲನ್ನು ಹಿಂದಕ್ಕೆ ತಳ್ಳಿ ನೆಲವನ್ನು ಪಡೆಯುವ ಕಾರ್ಯಕ್ಕೆ ಹೋಲಿಸಿದನು.

ಈ ಶಾಸ್ತ್ರವು ಭರತಖಂಡಕ್ಕೆ ಬಂದುದು ಬೇಗನೆಯೇ. ಕಲ್ಕತ್ತೆಯ ವೈದ್ಯರಾದ ಗಿರೀಂದ್ರಶೇಖರ ಬೋಸರು (೧೮೮೭–೧೯೫೩) ದಮನವನ್ನು ಕುರಿತ ಪ್ರಬಂಧಕ್ಕೆ ೧೯೨೧ರಲ್ಲಿ ಕಲ್ಕತ್ತಾ ವಿಶ್ವವಿದ್ಯಾನಿಲಯದಿಂದ ಡಾಕ್ಟರ್ ಪದವಿಯನ್ನು ಪಡೆದು, ಆ ಗ್ರಂಥವನ್ನು ಫ್ರಾಯ್ಡನಿಗೆ ಕಳುಹಿಸಿದರು. ೧೯೨೨ರಲ್ಲಿ ಭಾರತೀಯ ಮನೋವಿಶ್ಲೇಷಣ ಸಂಘವನ್ನು ಸ್ಥಾಪಿಸಿದರು. ೧೯೪೦ರಲ್ಲಿ ಲುಂಬಿನಿ ಪಾರ್ಕ್ ಎಂಬ ಮಾನಸಿಕ ಚಿಕಿತ್ಸಾಲಯವು ಆ ಸಂಘದ ಯತ್ನದಿಂದ ಆರಂಭವಾಯಿತು. ಗುರುವನ್ನು ಎಂದೂ ಕಣ್ಣಿನಿಂದ ಕಾಣದೆ ಪತ್ರಮುಖೇನ ವ್ಯವಹರಿಸಿದ ಈ ಏಕಲವ್ಯರು, ಹೆಬ್ಬೆರಳನ್ನು ಮಾತ್ರ ಕೊಡಲಿಲ್ಲ. ಪ್ರತಿಯೊಂದು ಬಯಕೆಯ ಹಿಂದೆಯೂ ಅದಕ್ಕೆ ವಿರುದ್ಧವಾದ ಬಯಕೆಯೊಂದು ಜೋಡಿಯಾಗಿ ಇರುವುದೆಂದೂ, ತಂದೆಯ ದಂಡನೆಯ ಭಯವನ್ನು ಕುರಿತು ಯುರೋಪಿನ ರೋಗಿಗಳಲ್ಲಿ ಕಂಡುದೇ ತಮ್ಮ ರೋಗಿಗಳಲ್ಲಿ ಅಷ್ಟು ಪ್ರಬಲವಾಗಿ ಕಾಣುವುದಿಲ್ಲವೆಂದೂ ಅವರು ಫ್ರಾಯ್ಡನೊಡನೆಯೇ ವಾದಿಸಿದರು. ಫ್ರಾಯ್ಡನು ಒಪ್ಪಲಿಲ್ಲ, ಇವರು ಬಿಡಲಿಲ್ಲ. ೧೯೩೧ರಲ್ಲಿ ಫ್ರಾಯ್ಡನ ಎಪ್ಪತ್ತೈದನೆಯ ಜನ್ಮದಿನಕ್ಕೆ ಕಲ್ಕತ್ತೆಯ ಸಂಘದವರು ದಂತದ ವಿಷ್ಣುವಿಗ್ರಹವನ್ನು ಕಳುಹಿಸಿದರು. ದೇವರಲ್ಲಿ ನಂಬಿಕೆಯಿಲ್ಲದ ಆ ವೃದ್ಧನು ಅದನ್ನು ತನ್ನ ಬರೆಯುವ ಮೇಜಿನ ಮೇಲಿಟ್ಟುಕೊಂಡನು. ನಮ್ಮ ನಾಡಿನಲ್ಲಿ ‘ರಾಶಿ’ ಎಂದು ಹೆಸರಾದ ವೈದ್ಯ ಡಾ. ಎಂ. ಶಿವರಾಂ ಅವರು ಈ ಬಗೆಯ ವಿಚಾರಗಳನ್ನು ಮನೆಮಾತಿನಲ್ಲಿ ತಿಳಿಯಹೇಳಿದರು; ಅವರ ‘ಮನಮಂಥನ’ಕ್ಕೆ ೧೯೭೬ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು.

ಇದನ್ನೆಲ್ಲ ಕೇಳಿದ ನಮ್ಮ ಪಂಡಿತರಲ್ಲಿ ಕೆಲವರು, “ಇದರಲ್ಲಿ ಹೊಸತೇನು? ಎಲ್ಲವೂ ನಮ್ಮ ಯೋಗಶಾಸ್ತ್ರದಲ್ಲಿಯೇ ಇದೆ” ಎನ್ನುವರು. ಸಾಮ್ಯವಿಲ್ಲದೆ ಇಲ್ಲ. ಪತಂಜಲಿಯು ಕ್ಲೇಶಗಳಿಗೆ ಪ್ರಸುಪ್ತ, ತನು, ವಿಚ್ಛಿನ್ನ, ಉದಾರ ಎಂಬ ನಾಲ್ಕು ಅವಸ್ಥೆಗಳನ್ನು ಹೇಳಿರುವನು. ಸಂಸ್ಕಾರ ವಾಸನೆಗಳು ಅರಿವಿಗೆ ಬಾರದೆ ಕೆಲಸಮಾಡುವುದನ್ನೂ ಬಲ್ಲನು. ಆದರೆ ಯೋಗದಲ್ಲಿ ಚಿತ್ತದ ವೃತ್ತಿಗಳ ಹಿಂದೆ ಅವುಗಳಿಂದ ಲೇಪಗೊಳ್ಳದ ದ್ರಷ್ಟೃವಾದ ಪುರುಷನಿರುವನು. ಚಿತ್ತವು ಶಾಂತವಾದಾಗ ಅವನು ತನ್ನ ಸ್ವರೂಪದಲ್ಲಿ ನಿಲ್ಲುವನು. ಫ್ರಾಯ್ಡನ ಮನೆಯಲ್ಲಿ ಇಂತಹ ಸಾಕ್ಷಿ ಇಲ್ಲ. ಎಷ್ಟು ಕೋಣೆಗಳನ್ನು ತೆರೆದರೂ ಅಲ್ಲಿ ಸಿಗುವುದು ಬಯಕೆ, ಭಯ, ನೆನಪುಗಳೇ. ವಾಸನೆಗಳು ಜನ್ಮಾಂತರದಿಂದ ಬಂದವೆಂದು ನಾವು ಹೇಳಿದರೆ, ಅವನು ತೊಟ್ಟಿಲಿನಿಂದಾಚೆಗೆ ಸಾಮಾನ್ಯವಾಗಿ ಹೋಗನು. ಶಬ್ದಸಾಮ್ಯವನ್ನು ನೋಡಿ ಸಿದ್ಧಾಂತಸಾಮ್ಯವನ್ನು ಹೇಳುವುದು ಎರಡು ಶಾಸ್ತ್ರಗಳಿಗೂ ಮಾಡುವ ಅಪಚಾರ.

ನಿಜವಾದ ಸಂಬಂಧವೊಂದು ಬೇರೆಡೆಯಲ್ಲಿ ಕಾಣಸಿಗುವುದು. ಪ್ಯಾರಿಸಿನ ಜಾಕ್ ಲಕಾನನು (೧೯೦೧–೧೯೮೧) ಫ್ರಾಯ್ಡನ ಗ್ರಂಥಗಳನ್ನು ಮರಳಿ ಓದಬೇಕೆಂದು ಸಾರಿದವನು. ಆರು ತಿಂಗಳಿಂದ ಹದಿನೆಂಟು ತಿಂಗಳವರೆಗಿನ ಕೂಸು, ಕೈಕಾಲುಗಳೇ ಇನ್ನೂ ಸ್ವಾಧೀನಕ್ಕೆ ಬಾರದಿರುವಾಗ, ಕನ್ನಡಿಯಲ್ಲಿ ತನ್ನ ಅಖಂಡವಾದ ರೂಪವನ್ನು ಕಂಡು ಹಿಗ್ಗಿ ಅದೇ ತಾನೆಂದುಕೊಳ್ಳುವುದೆಂದೂ, ಅಹಂಕಾರವು ಇಂತಹ ಪ್ರತಿಬಿಂಬಗಳಿಂದ ಕಟ್ಟಲ್ಪಟ್ಟದ್ದೆಂದೂ ಅವನು ೧೯೩೬ರಲ್ಲಿಯೂ ಮತ್ತೆ ೧೯೪೯ರಲ್ಲಿಯೂ ಪ್ರತಿಪಾದಿಸಿದನು. ಈ ಅಹಂಕಾರ ಬೇರೆ, ವಿಷಯಿ ಬೇರೆ. ವಿಷಯಿಯು ಮಾತಿನಲ್ಲಿ ಹುಟ್ಟುವವನು, ಮಾತಿನ ಸಂದುಗಳಲ್ಲಿ ಕಾಣಿಸಿಕೊಳ್ಳುವವನು ಎಂಬುದು ಅವನ ಮತ. ೧೯೫೩ರಲ್ಲಿ ರೋಮ್ ನಗರದ ಪ್ರಸಿದ್ಧ ಪ್ರಬಂಧದಲ್ಲಿ ಅವನು ನಮ್ಮ ಆಲಂಕಾರಿಕರ ‘ಧ್ವನಿ’ಯನ್ನು ಹೆಸರುಹಿಡಿದು ಕರೆದು, ಅಭಿನವಗುಪ್ತನನ್ನು ಸ್ಮರಿಸಿರುವನು. ಧ್ವನ್ಯಾಲೋಕವನ್ನು ಓದಿದವರಿಗೆಲ್ಲ ಪರಿಚಿತವಾದ ಪ್ರಾಕೃತಗಾಥೆಯ ಪ್ರಸಂಗವನ್ನೇ ಹೇಳಿರುವನು. ಹೊಳೆಯ ದಡದಲ್ಲಿ ಪ್ರಿಯನಿಗಾಗಿ ಕಾದಿರುವ ಹೆಣ್ಣು, ಆ ಕಡೆಗೆ ಬರುವ ಧಾರ್ಮಿಕನಿಗೆ, ಅವನನ್ನು ಹೆದರಿಸುತ್ತಿದ್ದ ನಾಯಿಯನ್ನು ಅಲ್ಲಿಯೇ ವಾಸಿಸುವ ಸಿಂಹವು ಕೊಂದುಹಾಕಿತೆಂದು ಹೇಳುವಳು. ವಾಚ್ಯದಲ್ಲಿ ನಿರ್ಭಯವಾಗಿ ಬರಬಹುದೆಂಬ ವಿಧಿ. ವ್ಯಂಗ್ಯದಲ್ಲಿ ಬರಲೇಬೇಡವೆಂಬ ನಿಷೇಧ. ರೋಗಿಯ ಮಾತಿನಲ್ಲಿಯೂ ವೈದ್ಯನು ವಾಚ್ಯವನ್ನು ಬಿಟ್ಟು ಧ್ವನಿಯನ್ನು ಹಿಡಿಯಬೇಕೆಂಬುದು ಲಕಾನನ ಭಾವ. ಆ ಪ್ರಬಂಧವು ಮುಗಿಯುವುದು ಬೃಹದಾರಣ್ಯಕದ ಕಥೆಯಿಂದ. ಪ್ರಜಾಪತಿಯು ‘ದ’ ಎಂದು ಗುಡುಗಿದಾಗ ದೇವತೆಗಳಿಗೆ ದಮವೆಂದೂ, ಮನುಷ್ಯರಿಗೆ ದಾನವೆಂದೂ, ಅಸುರರಿಗೆ ದಯೆಯೆಂದೂ ಕೇಳಿಸಿತು. ಅಕ್ಷರ ಒಂದೇ, ಕೇಳಿದವನ ಕೊರತೆಯೇ ಅದರ ಅರ್ಥವಾಯಿತು.

ಈ ಶಾಸ್ತ್ರದ ದೋಷಗಳನ್ನು ಮರೆಮಾಚಬಾರದು. ಸುಳ್ಳೆಂದು ತೋರಿಸಲು ಅವಕಾಶವನ್ನೇ ಕೊಡದ ಸಿದ್ಧಾಂತವು ವಿಜ್ಞಾನವಾಗಲಾರದೆಂದು ಕಾರ್ಲ್ ಪಾಪರನು ಆಕ್ಷೇಪಿಸಿದನು. ಫ್ರಾಯ್ಡನ ಎಷ್ಟೋ ಊಹೆಗಳು ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಕಠಿನವಾದ ಮನೋರೋಗಗಳಿಗೆ ಇಂದು ಔಷಧಗಳೂ ಬೇರೆ ಚಿಕಿತ್ಸಾಕ್ರಮಗಳೂ ಬಂದಿವೆ. ಕೇಳುವ ವಿದ್ಯೆಯನ್ನು ಕಲಿಸಿದವನೇ ಕೇಳದೆ ಹೋದುದೂ ಉಂಟು. ‘ಡೋರಾ’ ಎಂಬ ಮರೆಹೆಸರಿನ ಹದಿನೆಂಟು ವರ್ಷದ ಹುಡುಗಿಯು, ತಂದೆಯ ಸ್ನೇಹಿತನು ತನ್ನೊಡನೆ ಅನುಚಿತವಾಗಿ ನಡೆದುಕೊಂಡನೆಂದು ಹೇಳಿದಾಗ, ಫ್ರಾಯ್ಡನು ಆ ಸಂಗತಿಯನ್ನು ನಂಬಿದನಾದರೂ, ಆಕೆಗೆ ಆ ಪುರುಷನಲ್ಲಿ ಗೂಢವಾದ ಪ್ರೇಮವಿದೆಯೆಂದೇ ಹಟಹಿಡಿದನು. ೧೯೦೦ರ ಡಿಸೆಂಬರ್ ೩೧ರಂದು ಆಕೆ ಚಿಕಿತ್ಸೆಯನ್ನು ಬಿಟ್ಟು ಎದ್ದುಹೋದಳು. ಅಜ್ಞಾತಚಿತ್ತದ ಹೆಸರಿನಲ್ಲಿ ಇನ್ನೊಬ್ಬರ ‘ಅಲ್ಲ’ವನ್ನು ‘ಹೌದು’ ಮಾಡುವ ಅಧಿಕಾರವು ಎಷ್ಟು ಅಪಾಯಕರವೆಂಬುದಕ್ಕೆ ಇದೇ ನಿದರ್ಶನ.

ಮನುಷ್ಯನ ಒಳಗಿರುವ ಕತ್ತಲೆಯನ್ನು ಬರೆದವನು ಹೊರಗಿನ ಕತ್ತಲೆಯನ್ನೂ ಕಂಡನು. ೧೯೩೩ರ ಮೇ ತಿಂಗಳಲ್ಲಿ ಬರ್ಲಿನ್ನಿನಲ್ಲಿ ಅವನ ಗ್ರಂಥಗಳನ್ನು ಸುಟ್ಟರು. ೧೯೩೮ರ ಜೂನಿನಲ್ಲಿ ಅವನು ವಿಯೆನ್ನಾವನ್ನು ಬಿಟ್ಟು ಲಂಡನ್ನಿಗೆ ಹೋಗಿ, ೧೯೩೯ರ ಸೆಪ್ಟೆಂಬರ್ ೨೩ರಂದು ತೀರಿಕೊಂಡನು. ಅವನ ನಾಲ್ವರು ಸೋದರಿಯರು ನಾಜಿಗಳ ಶಿಬಿರಗಳಲ್ಲಿ ಮಡಿದರು. ಕಲ್ಕತ್ತೆಯಿಂದ ಹೋದ ವಿಷ್ಣುವಿಗ್ರಹವು ಈಗ ಲಂಡನ್ನಿನಲ್ಲಿ, ವಸ್ತುಸಂಗ್ರಹಾಲಯವಾಗಿರುವ ಅವನ ಮನೆಯಲ್ಲಿದೆ.

ಇಷ್ಟು ಚರಿತ್ರೆಯಿಂದ ಗೃಹಸ್ಥರಿಗೆ ಒದಗುವ ಪ್ರಯೋಜನವೇನು? ನಮ್ಮ ಮನೆಗಳಲ್ಲಿ ಯಾರಿಗಾದರೂ ಮನಸ್ಸು ಕೆಟ್ಟರೆ ಮೊದಲು ನಡೆಯುವ ಕಾರ್ಯವು ವ್ಯಾಕರಣದ್ದು. ‘ಅವಳು ಹೀಗಾಡುತ್ತಾಳೆ’, ‘ಅವನಿಗೆ ಹೀಗಾಗಿದೆ’ ಎಂದು ಅವರೆದುರಿಗೇ ಅವರನ್ನು ಪ್ರಥಮಪುರುಷಕ್ಕೆ ತಳ್ಳಿಬಿಡುವೆವು. ನಡುಮನೆಯಲ್ಲಿ ಎಲ್ಲರೂ ಮಾತನಾಡುವರು. ಅವರೊಬ್ಬರೇ ಮಾತಿನ ವಿಷಯವಾಗಿ ಮೂಲೆಯಲ್ಲಿ ಕುಳಿತಿರುವರು. ಸಿದ್ಧಾಂತವು ನಿಲ್ಲಲಿ, ಬೀಳಲಿ. ವಿಯೆನ್ನಾದ ಆ ಇಬ್ಬರು ಹೆಂಗಸರು ವೈದ್ಯರಿಗೆ ಕಲಿಸಿದ ಪಾಠವು ಬೀಳುವಂಥದಲ್ಲ. ರೋಗಿಗೆ ಔಷಧವನ್ನು ವೈದ್ಯನು ಕೊಡಲಿ. ‘ನಾನು’ ಎಂದು ಆರಂಭಿಸಿ ತನ್ನ ವಾಕ್ಯವನ್ನು ತಾನೇ ಮುಗಿಸುವಷ್ಟು ಅವಕಾಶವನ್ನು ಕೊಡಬೇಕಾದವರು ಮನೆಯವರೇ.